ಆಕ್ಸಲ್ಲಿನ ಕಪ್ಪು ಬಣ್ಣ

ಬಣ್ಣ ಕೆರೆಯಬೇಡ ಎಂದು ವೆಲ್ಡಿಂಗ್ ಮಾಡುವವಳಿಗೆ ಹೇಳುವ ಗಿರಾಕಿಯನ್ನು ನಾನು ನನ್ನ ಆಯುಷ್ಯದಲ್ಲೇ ಕಂಡಿರಲಿಲ್ಲ. ಆ ಮಾತು ಬಂದದ್ದು ಹಿಮದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ನಮ್ಮೂರಿನ ರಕ್ಷಣಾ ದಳದ ಮುಖ್ಯಸ್ಥ ಕೋಲ್ಬೇನನ ಬಾಯಿಂದ. ದಳದ ದೊಡ್ಡ ಟ್ರಕ್ಕಿನ ಹಿಂದಿನ ಆಕ್ಸಲ್ಲನ್ನು ಟ್ರ್ಯಾಕ್ಟರಿಗೆ ನೇತುಹಾಕಿಕೊಂಡು ಬಂದವನು, ನನ್ನ ಗ್ಯಾರೇಜಿನ ಮೇಜಿನ ಮೇಲೆ ಇಳಿಸಿ, ಕೈಗವಸು ಕೂಡ ತೆಗೆಯದೆ ಶುರುಮಾಡಿದ.

“ಸ್ಟೇನುನ್, ನಲವತ್ತಾರು ಇಂಚಿನ ಟೈರು ಬರ್ತಿದೆ. ಆಕ್ಸಲ್ಲಿನ ಈ ಹೌಸಿಂಗ್ ಕೊಳವೆ ಈಗಿರೋ ಹಾಗೆ ಅಷ್ಟು ಭಾರ ತಡ್ಕೊಳಲ್ಲ. ಬಿರುಕಿಗೆ ವೆಲ್ಡ್ ತುಂಬಿ, ಮೇಲೆ ಉದ್ದಕ್ಕೂ ದಪ್ಪ ಆಸರೆಪಟ್ಟಿ ಕೂರ್ಸಿ ಗಟ್ಟಿ ಮಾಡ್ಕೊಡು. ಹಳೇ ಬಣ್ಣ ಎಲ್ಲಾ ಕೆರೀತಾ ಕೂತ್ಕೋಬೇಡ. ಪಟ್ಟಿ ಕೂರೋ ಜಾಗ ಅಷ್ಟೇ ಉಜ್ಜು, ಸಾಕು.”

“ಬಣ್ಣದ ಮೇಲೆ ವೆಲ್ಡ್ ಮಾಡೋಕೆ ನಾನೇನು ಕೇಕಿನ ಮೇಲೆ ಕೆನೆ ಹಚ್ತಿದ್ದೀನಾ?”

“ಗುರುವಾರ ಸಭೆ ಇದೆ ಕಣೇ. ಅಷ್ಟರೊಳಗೆ ಗಾಡಿ ತಯಾರಾಗ್ಬೇಕು.”

“ಇಷ್ಟು ದೊಡ್ಡ ಟೈರು ಹಾಕೋರು ಬಿರುಕು ಬಿಟ್ಟ ಹೌಸಿಂಗಿಗೆ ಯಾಕೆ ಜೋತು ಬೀಳ್ತೀರಿ? ಬೇರೆ ಹುಡುಕೋದಲ್ವಾ?”

“ಇದೇ ಸಾಕು,” ಅಂದ. ಬಿಸಿ ಕಾಫಿ ಇದೆ, ಕ್ಲೈನಾ ಕರಿದಿದ್ದೀನಿ ಎಂದರೂ ನಿಲ್ಲದೆ ಹೊರಟೇಬಿಟ್ಟ. ನಮ್ಮೂರಲ್ಲಿ ಕರಿದ ಸಿಹಿ ಕ್ಲೈನಾದ ತಟ್ಟೆಗೆ ಬೆನ್ನು ತೋರಿಸಿ ಹೋಗುವವರು ಜಗಳ ಆಡಿದವರು, ಇಲ್ಲಾ ಏನನ್ನೋ ಮುಚ್ಚಿಟ್ಟವರು. ಕೋಲ್ಬೇನನಿಗೂ ನನಗೂ ಜಗಳ ಇರಲಿಲ್ಲ.

ನನ್ನದು ಅನುಮಾನದ ಬುದ್ಧಿ ಎಂದು ನನ್ನ ಗಂಡ ಈಸ್ಲೇಫ್ ಯಾವಾಗಲೂ ಆಡಿಕೊಳ್ಳುತ್ತಾನೆ. ಅಂಗಡಿಯವನು ಜಾಸ್ತಿ ನಕ್ಕರೆ ಮೀನು ಹಳೆಯದು ಎನ್ನುವವಳು ನಾನು. ಆದರೆ ಈ ಆಕ್ಸಲ್ಲಿನ ವಿಷಯದಲ್ಲಿ ನನಗೆ ಅನುಮಾನ ಪಡುವ ಹಕ್ಕಿತ್ತು. ಅದರ ಮೇಲೆ ನನ್ನ ಗಂಡನ ಮರ್ಯಾದೆ ಕೂತಿತ್ತು.

ಫೆಬ್ರವರಿಯಲ್ಲಿ ಇಬ್ಬರು ಪರದೇಶದ ಚಾರಣಿಗರು ಹಿಮನದಿಯ ಮೇಲೆ ಬಿರುಗಾಳಿಗೆ ಸಿಕ್ಕಿಕೊಂಡರು. ದಳಕ್ಕೆ ಕರೆ ಬಂತು. ಸ್ಟೀರಿಂಗ್ ಹಿಡಿದವನು ಈಸ್ಲೇಫ್. ಹೊರಡುವ ಮೊದಲು ಗಾಡಿಯ ಕೆಳಗೆ ಮಲಗಿ ಎಲ್ಲ ಸರಿಯಾಗಿದೆ ಎಂದವಳು ಡಗ್ನಿ ಎಂಬ ಹುಡುಗಿ. ಚಾರಣಿಗರನ್ನೇನೋ ಹುಡುಕಿ ಹತ್ತಿಸಿಕೊಂಡರು. ವಾಪಸು ಬರುವಾಗ ಹಿಂದಿನ ಆಕ್ಸಲ್ ಬಿರುಕು ಬಿಟ್ಟು, ಎಣ್ಣೆಯೆಲ್ಲ ಹಿಮಕ್ಕೆ ಸುರಿದು, ಚಕ್ರ ವಾಲಿ ಗಾಡಿ ಕೂತುಬಿಟ್ಟಿತು. ಕೆಳಗಿಂದ ಬರುತ್ತಿದ್ದ ದಳದ ಎರಡನೇ ಗಾಡಿಗೆ ದಾರಿ ತೋರಿಸಲು, ಜೊತೆಗೆ ಹೋಗಿದ್ದ ಡಗ್ನಿ ಆ ಗಾಳಿಯಲ್ಲಿ ನಡೆದು ಹೋದಳು. ಚಾರಣಿಗರು ಹೂಗುಚ್ಛ ಹಿಡಿದು ಫೋಟೋ ತೆಗೆಸಿಕೊಂಡು ಅವರ ಊರಿಗೆ ಹೋದರು. ಡಗ್ನಿಯ ಎಡಗಾಲಿನಲ್ಲಿ ಚಳಿಗೆ ಸೆಟೆದು ಸತ್ತ ಎರಡು ಬೆರಳುಗಳನ್ನು ಆಸ್ಪತ್ರೆಯಲ್ಲಿ ಕತ್ತರಿಸಿದರು.

ಆಮೇಲೆ ಊರು ಎರಡಾಯಿತು. ಈಸ್ಲೇಫ್ ಮೈಮೇಲೆ ಬಂದವನ ಹಾಗೆ ಓಡಿಸಿದ, ಆಕ್ಸಲ್ ಇನ್ನೇನಾಗುತ್ತೆ ಎಂದು ಅರ್ಧ ಜನ. ಆ ಹುಡುಗಿ ಸರಿಯಾಗಿ ನೋಡಿರಲಿಕ್ಕಿಲ್ಲ ಎಂದು ಇನ್ನರ್ಧ. ಡಗ್ನಿ ದಳ ಬಿಟ್ಟಳು. ಈಸ್ಲೇಫನನ್ನು ಯಾರೂ ಬಿಡು ಎನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ಗಾಡಿ ಬೀಗ ಹಾಕಿದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿತು, ಇವನು ಅಡುಗೆಮನೆ ಕಿಟಕಿಯಲ್ಲಿ ಹಿಮನದಿ ನೋಡುತ್ತಾ ಕೂತ. ಹೊಸ ಟೈರಿನ ಗಾಡಿಗೆ ಯಾರು ಡ್ರೈವರ್ ಎಂದು ಗುರುವಾರದ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಆ ಸೀಟು ಕೈತಪ್ಪಿದರೆ ನನ್ನ ಗಂಡ ಮತ್ತೆ ಮನುಷ್ಯನಾಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕೋಲ್ಬೇನನ ಟ್ರ್ಯಾಕ್ಟರಿನ ಸದ್ದು ದೂರವಾದದ್ದೇ ತಡ, ನಾನು ತಂತಿ ಬ್ರಷ್ಷಿನ ಗ್ರೈಂಡರ್ ಕೈಗೆತ್ತಿಕೊಂಡು ಇಂಚೂ ಬಿಡದೆ ಬಣ್ಣ ಕೆರೆದೆ. ಬೇಡ ಅಂದರೆ ಮಾಡುವ ಜಾತಿ ನಂದು.

ಬಿರುಕು ಸ್ಪ್ರಿಂಗ್ ಕೂರುವ ಜಾಗದ ಪಕ್ಕದಿಂದ ಹೊರಟು ಹೌಸಿಂಗನ್ನು ಅರ್ಧ ಸುತ್ತು ಹಾಕಿತ್ತು. ಬಿರುಕಿನ ತುಟಿ ಅಗಲಿಸಿ ಒಳಗೆ ಟಾರ್ಚ್ ಬಿಟ್ಟೆ. ಶುರುವಿನ ಗೇಣುದ್ದದ ಭಾಗದಲ್ಲಿ ಬಿರುಕಿನ ಒಳಗೆ ಕಪ್ಪು ಬಣ್ಣ ಇಳಿದಿತ್ತು. ಬಣ್ಣದ ಕೆಳಗೆ ತುಕ್ಕು. ಅದರಾಚೆಗಿನ ಬಿರುಕಿನಲ್ಲಿ ಬಣ್ಣದ ಗುರುತೇ ಇಲ್ಲ. ಅಂದರೆ ಹಿಮನದಿಗೆ ಹೋಗುವ ಮೊದಲೇ ಬಿರುಕಿತ್ತು, ಅದರ ಮೇಲೆ ಯಾರೋ ಬಣ್ಣ ಬಳಿದಿದ್ದರು. ಈಸ್ಲೇಫ್ ಓಡಿಸಿದ್ದರಿಂದ ಬಂದದ್ದಲ್ಲ! ನಾನು ಗ್ರೈಂಡರ್ ಕೆಳಗಿಟ್ಟು ಒಬ್ಬಳೇ ಚಪ್ಪಾಳೆ ತಟ್ಟಿದೆ.

ಮಧ್ಯಾಹ್ನ ಮನೆಗೆ ಊಟಕ್ಕೆ ಹೋದಾಗ ಈಸ್ಲೇಫ್ ಮೀನು, ಆಲೂಗಡ್ಡೆ ಬೇಯಿಸಿಟ್ಟು ಕಾಯುತ್ತಿದ್ದ. ಬೂಟು ಬಿಚ್ಚುತ್ತಲೇ ಕೂಗಿದೆ.

“ಗೆದ್ದೆ ಮಾರಾಯ! ಹಳೇ ಬಿರುಕು ಅದು. ಯಾವನೋ ಕಳ್ಳ ಬಣ್ಣ ಬಳಿದು ಎಲ್ಲರ ಕಣ್ಣಿಗೆ ಮಣ್ಣೆರಚಿದ್ದಾನೆ.”

ಅವನ ಕೈಯಲ್ಲಿದ್ದ ಫೋರ್ಕು ನಿಂತಿತು. “ಬಣ್ಣ ಕೆರೆದ್ಯಾ?”

“ಕೆರೀದೆ ಮುದ್ದು ಮಾಡ್ಲಾ?”

“ಬಿಡೇ ಅದನ್ನ. ಮುಗಿದದ್ದು ಮುಗೀತು. ಪಟ್ಟಿ ಕೂರ್ಸಿ ಕೊಟ್ಬಿಡು.”

“ನಿನ್ನ ಹೆಸರು ಕೆಟ್ಟಿರೋದು ಕಣೋ!”

“ಬೆಣ್ಣೆ ಈ ಕಡೆ ಕೊಡು,” ಅಂದ. ಸಂಕಟ ತಡೆದುಕೊಂಡಿದ್ದಾನೆ ಪಾಪ ಎಂದುಕೊಂಡು ಬೆಣ್ಣೆ ಕೊಟ್ಟೆ. ಲೋಕದ ಎಲ್ಲರನ್ನೂ ಅನುಮಾನಿಸುವ ನನ್ನ ಬುದ್ಧಿಗೆ ಎದುರಿಗೆ ಕೂತವನು ಕಾಣಲೇ ಇಲ್ಲ.

ಮೊದಲು ನನ್ನ ತಲೆಗೆ ಬಂದವಳು ಡಗ್ನಿ. ಬಿರುಕು ನೋಡಿಯೂ, ಹೇಳಿದರೆ ಹೊರಡುವುದು ತಪ್ಪುತ್ತದೆಂದು ಸುಮ್ಮನಾದಳೋ ಏನೋ. ಅವಳೀಗ ಪೆಟ್ರೋಲ್ ಬಂಕಿನ ಕೌಂಟರಿನಲ್ಲಿ ಹಾಟ್ ಡಾಗ್ ಮಾರುತ್ತಾಳೆ. ಹೋಗಿ ಒಂದು ತಗೊಂಡೆ, ಹುರಿದ ಈರುಳ್ಳಿ ಜಾಸ್ತಿ ಹಾಕಿಸಿಕೊಂಡೆ.

“ಡಗ್ನಿ, ಅವತ್ತು ನೀನು ಆಕ್ಸಲ್ ಸರಿಯಾಗಿ ನೋಡಿದ್ಯಾ?”

ಅವಳು ಸಾಸಿವೆ ಬಾಟಲಿಯನ್ನು ಕೌಂಟರಿನ ಮೇಲೆ ಕುಕ್ಕಿದಳು. “ಊರಲ್ಲಿ ಎಲ್ಲರೂ ಕೇಳಿ ಆಯ್ತು, ನೀನೊಬ್ಬಳು ಬಾಕಿ ಇದ್ದೆ. ನೋಡ್ದೆ. ಬೆನ್ನಿನ ಮೇಲೆ ಮಲಗಿ, ಟಾರ್ಚ್ ಹಿಡಿದು ನೋಡ್ದೆ. ಕಾಣ್ಲಿಲ್ಲ. ಯಾಕೆ ಕಾಣ್ಲಿಲ್ಲ ಅಂದ್ರೆ ನಂಗೊತ್ತಿಲ್ಲ. ಸಾಕಾ?”

“ಕೋಪ ಮಾಡ್ಕೋಬೇಡ ಪುಟ್ಟಿ.”

“ಕೋಪ ನಿನ್ ಮೇಲಲ್ಲ. ಈಗ ಒಲೆ ಆರಿಸಿದ್ದೀನಾ ಅಂತ ಅರ್ಧ ದಾರಿಯಿಂದ ವಾಪಸ್ ಹೋಗ್ತೀನಿ, ಗೊತ್ತಾ? ಆರಿಸಿರ್ತೀನಿ. ಮತ್ತೂ ಹೋಗ್ತೀನಿ. ನನ್ನ ಕಣ್ಣನ್ನ ನಾನೇ ನಂಬೋ ಹಾಗಿಲ್ಲ.”

ಈ ಹುಡುಗಿ ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಅನಿಸಿತು. ನನಗೆ ಹಾಗನಿಸುವುದು ಅಪರೂಪ. ಹಾಟ್ ಡಾಗ್ ಅರ್ಧಕ್ಕೇ ಬಿಟ್ಟು ಗ್ಯಾರೇಜಿಗೆ ಬಂದು ಆ ಜಾಗವನ್ನು ಥಿನ್ನರಿನಿಂದ ಮತ್ತೆ ತಿಕ್ಕಿದೆ. ಬಿರುಕಿನೊಳಗೆ ಬಣ್ಣ ನಿಲ್ಲುವ ಕಡೆ, ಬಟಾಣಿಗಿಂತ ಚಿಕ್ಕದಾದ ಒಂದು ಬೂದುಬಣ್ಣದ ಚುಕ್ಕೆ ಕಂಡಿತು. ಉಗುರಿನಿಂದ ಒತ್ತಿದರೆ ಗುರುತು ಬಿತ್ತು. ಸೀಸ. ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡನ್ನು ಒಂದು ತೂತಿಗೆ ಇಟ್ಟು ಸುತ್ತಿಗೆಯಿಂದ ಚಪ್ಪಟೆ ಬಡಿದಿದ್ದರು.

ಹಡಗಿನ ತಗಡು ಸೀಳಿದರೆ ನಮ್ಮ ಬಂದರಿನವರು ಮಾಡುವ ಕೆಲಸ ಇದು. ಬಿರುಕು ಮುಂದಕ್ಕೆ ಓಡದಿರಲಿ ಎಂದು ಅದರ ತುದಿಯಲ್ಲಿ ಸಣ್ಣ ತೂತು ಕೊರೆಯುತ್ತಾರೆ. ಒಳಗಿನ ಎಣ್ಣೆ ಸೋರದಿರಲಿ ಎಂದು ಇಲ್ಲಿ ಸೀಸ ಜಡಿದಿದ್ದರು. ಆದರೆ ತೂತು ಕೊರೆಯಬೇಕಾದ್ದು ಕಣ್ಣಿಗೆ ಕಾಣುವ ತುದಿಗಿಂತ ಸ್ವಲ್ಪ ಮುಂದೆ. ಕಾಣದ ಬಿರುಕು ಇನ್ನೂ ಮುಂದಕ್ಕೆ ಹೋಗಿರುತ್ತದೆ. ಇದನ್ನು ಮಾಡಿದವನು ಕಂಡ ತುದಿಗೇ ಕೊರೆದಿದ್ದ, ಬಿರುಕು ತೂತನ್ನು ದಾಟಿ ಓಡಿತ್ತು. ಇದು ಬಿರುಕನ್ನು ನೋಡಿದವನ, ಅದು ಎಷ್ಟು ಕೆಟ್ಟದ್ದೆಂದು ತಿಳಿದವನ, ತಿಳಿದೂ ಮುಚ್ಚಿದವನ ಕೆಲಸ.

ಕೋಲ್ಬೇನ್ ಹರೆಯದಲ್ಲಿ ಹಡಗು ರಿಪೇರಿ ಕಟ್ಟೆಯಲ್ಲಿ ದುಡಿದವನು. ಬಣ್ಣ ಕೆರೆಯಬೇಡ ಎಂದವನೂ ಅವನೇ. ತಾನು ಮಾಡಿದ್ದನ್ನು ನನ್ನ ಕೈಯಿಂದಲೇ ಪಟ್ಟಿ ಹೊಡೆಸಿ ಹೂಳಲು ಬಂದಿದ್ದ, ಅಷ್ಟೂ ದಿನ ನನ್ನ ಗಂಡ ಬೈಗುಳ ತಿನ್ನುವುದನ್ನು ನೋಡುತ್ತಾ ಕೂತಿದ್ದ!

ಸಂಜೆ ಕೆಲಸ ಮುಗಿದ ಮೇಲೆ ಅವನು ಎಲ್ಲಿರುತ್ತಾನೆಂದು ಕೇಳಬೇಕಾಗಿಲ್ಲ. ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ ಅರ್ಧ ಊರು ಕುತ್ತಿಗೆವರೆಗೆ ಮುಳುಗಿ ಮಾತಾಡುತ್ತಿರುತ್ತದೆ. ನಾನೂ ಇಳಿದು ಅವನ ಎದುರಿಗೇ ಕೂತೆ. ಪಕ್ಕದಲ್ಲಿ ಹಳಬರು ಮೂರ್ನಾಲ್ಕು ಜನ ಕುರಿಯ ಮಾತು ಆಡುತ್ತಿದ್ದರು. ನನ್ನ ಮಾತು ಎಲ್ಲರಿಗೂ ಕೇಳಲಿ ಎಂದೇ ಗಂಟಲು ಏರಿಸಿದೆ.

“ಕೋಲ್ಬೇನ್, ನಿನ್ನ ಆಕ್ಸಲ್ಲಲ್ಲಿ ಹಳೇ ಬಿರುಕು ಸಿಕ್ತು.”

ಕುರಿಯ ಮಾತು ನಿಂತಿತು. ಕೋಲ್ಬೇನ್ ಕಣ್ಣು ಮುಚ್ಚಿಕೊಂಡೇ ಹೇಳಿದ, “ಹಳೇ ಗಾಡಿ ಅಂದ್ಮೇಲೆ ಇದ್ದೇ ಇರುತ್ತೆ. ಆ ತೂತು ತುಂಬ್ಸಿ, ಮೇಲೆ ಪಟ್ಟಿ ಹೊಡಿ.”

“ತೂತಾ? ನಾನು ತೂತು ಅಂದ್ನಾ?”

ಅವನು ಕಣ್ಣು ಬಿಟ್ಟ. ಮುಖ ಹುಳ್ಳಗಾಯಿತು.

“ಎಲ್ಲರೂ ಕೇಳಿಸ್ಕೊಂಡ್ರಲ್ಲಾ? ನಾನು ಬಿರುಕು ಅಂದೆ. ತೂತಿನ ವಿಷಯ ಇವನ ಬಾಯಿಂದ ಬಂತು.”

“ಹೊರಗೆ ಬಾ ನೀನು,” ಎಂದು ಎದ್ದ. ಮೈಯಿಂದ ಹಬೆ ಏಳುತ್ತಿತ್ತು.

ಬಟ್ಟೆ ಹಾಕಿಕೊಂಡು ಒದ್ದೆ ತಲೆಯಲ್ಲೇ ಅಂಗಳಕ್ಕೆ ಬಂದೆವು. ನಾನು ಬೆರಳು ಮಡಚಿ ನಿಂತಿದ್ದೆ, ಹೊಡೆದರೂ ಹೊಡೆದುಬಿಡುತ್ತಿದ್ದೆ.

“ಕೊರೆದವನು ನೀನಾ?”

“ನಾನಲ್ಲ ಮಾರಾಯ್ತಿ. ಗಾಡೀನ ಹಿಮನದಿಯಿಂದ ಕೆಳಗೆ ತಂದ ದಿನ ನಾನೇ ಒರಸ್ದೆ. ಆಗ ಕಾಣ್ಸ್ತು. ಮಾಡಿದವನ್ನ ಕರೆದು ಕೇಳ್ದೆ. ಒಪ್ಕೊಂಡ.”

“ಯಾರವನು? ಹೆಸರು ಹೇಳು.”

“ನಿನ್ನ ಹತ್ರಾನೇ ಯಾಕೆ ತಂದೆ ಅಂತ ಒಂದ್ಸಲನೂ ಯೋಚ್ನೆ ಬರ್ಲಿಲ್ವಾ? ಹೊರಗಿನವರ ಕೈಗೆ ಕೊಟ್ರೆ ಬಾಯಿ ಬಿಡ್ತಾರೆ. ನೀನಾದ್ರೆ ಕಂಡ್ರೂ ಸುಮ್ನಿರ್ತೀಯ ಅಂದ್ಕೊಂಡೆ.” ಅವನು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ. “ಸ್ವಂತ ಗಂಡನ ಮೇಲೆ ಯಾರು ಬಾಯಿ ಬಿಡ್ತಾರೆ?”

ಅವನು ಮೆತ್ತಗೆ ಮುಂದುವರಿಸಿದ. ಅಂಥ ಗಾಳಿಯಲ್ಲಿ ಓಡಿಸುವವನು ದಳದಲ್ಲಿ ಇನ್ನೊಬ್ಬನಿಲ್ಲ, ಯಾಕೆ ಸುಮ್ಮನೆ ಕಳೆದುಕೊಳ್ಳುವುದು, ಪಟ್ಟಿ ಕೂತರೆ ಎಲ್ಲ ಮುಚ್ಚಿಹೋಗುತ್ತದೆ ಎಂದ.

“ಡಗ್ನಿ?” ಎಂದೆ.

“ಹುಡುಗಿ ಅಲ್ವಾ, ಮರೀತಾಳೆ,” ಅಂದ. ಅವನನ್ನು ಅಲ್ಲೇ ಬಿಟ್ಟು ನಡೆದೆ.

ಈಸ್ಲೇಫ್ ಅಡುಗೆಮನೆಯಲ್ಲಿ ಒಣಮೀನು ಸಿಗಿಯುತ್ತಿದ್ದ. ನನ್ನ ಮುಖ ನೋಡಿದ್ದೇ ಅವನಿಗೆ ಅರ್ಥವಾಯಿತು.

“ಎಲ್ಲಾ ಹೇಳು,” ಎಂದೆ. “ನಾನು ಕಿತ್ತು ತೆಗೆಯೋ ಹಾಗೆ ಮಾಡ್ಬೇಡ.”

“ಹಿಂದಿನ ದಿನ ಗ್ರೀಸ್ ಹಾಕೋವಾಗ ನೋಡ್ದೆ. ಗೇಣುದ್ದ ಇತ್ತು. ಬಂದರಿನವರು ಮಾಡೋ ಹಾಗೆ ತೂತು ಕೊರೆದು ಸೀಸ ಹೊಡೆದೆ. ಸೋಮವಾರ ನಿನ್ನ ಹತ್ರ ತಂದು ವೆಲ್ಡ್ ಮಾಡಿಸ್ಬೇಕು ಅಂತಿದ್ದೆ, ದೇವರಾಣೆ. ಮಾರನೇ ದಿನಾನೇ ಕರೆ ಬಂತು.”

“ತರೋಕಿದ್ದೋನು ಬಣ್ಣ ಯಾಕೆ ಬಳಿದೆ?”

“ಯಾರಾದ್ರೂ ನೋಡಿದ್ರೆ ಗಾಡೀನ ನಿಲ್ಲಿಸ್ಬಿಡ್ತಿದ್ರು.”

“ನಿಲ್ಲಿಸ್ಬೇಕಿತ್ತು!”

“ನಿಲ್ಲಿಸಿದ್ರೆ ಆ ಇಬ್ಬರು ಮೇಲೇ ಸಾಯ್ತಿದ್ರು ಸ್ಟೇನುನ್. ಎರಡನೇ ಗಾಡಿ ಅಷ್ಟು ಮೇಲೆ ಹತ್ತಲ್ಲ. ನಿಂಗೂ ಗೊತ್ತು.”

ಅದು ಸುಳ್ಳಲ್ಲ. ಗೊತ್ತಿದ್ದೂ ಹೊರಟದ್ದಕ್ಕೆ ನಾನು ಅವನನ್ನು ಕ್ಷಮಿಸಬಲ್ಲವಳಾಗಿದ್ದೆ, ಹೆಮ್ಮೆಯನ್ನೂ ಪಡುತ್ತಿದ್ದೆ. “ಹೋಗಿದ್ದು ಸರಿ ಅಂತಾನೇ ಇಟ್ಕೋ. ಬಂದ್ಮೇಲೆ ಬಾಯಿಗೆ ಏನು ಬಡಿದಿತ್ತು? ಆ ಮಗು ತನ್ನ ಕಣ್ಣೇ ಸರಿ ಇಲ್ಲ ಅಂತ ಒಲೆ ನೋಡೋಕೆ ಅರ್ಧ ದಾರಿಯಿಂದ ಮನೆಗೆ ಓಡ್ತಾಳೆ ಕಣೋ!”

“ಗುರುವಾರ ಕಳೀಲಿ. ಆಮೇಲೆ ನಾನೇ ಹೇಳ್ತೀನಿ ಅವಳಿಗೆ.”

ಗುರುವಾರ ಕಳೀಲಿ ಅಂತೆ! ಸೀಟು ಗಟ್ಟಿಯಾದ ಮೇಲೆ ಸತ್ಯ ಹೇಳುತ್ತಾನಂತೆ. ಅವನ ಮುಖ ನೋಡಲಾಗಲಿಲ್ಲ ನನಗೆ. “ನಾಳೆ ಬೆಳಿಗ್ಗೆ ಡಗ್ನೀನ ಗ್ಯಾರೇಜಿಗೆ ಕರೀತೀನಿ. ನೀನು ಬಂದ್ರೆ ನೀನು ಹೇಳ್ತೀಯ. ಬರದಿದ್ರೆ ನಾನು ಹೇಳ್ತೀನಿ,” ಎಂದೆ. ಆ ಒಣಮೀನನ್ನು ಇಬ್ಬರೂ ಮುಟ್ಟಲಿಲ್ಲ.

ಬೆಳಿಗ್ಗೆ ಡಗ್ನಿ ಸ್ವಲ್ಪ ಕುಂಟುತ್ತಾ ಬಂದಳು. ಇವನು ಬರುತ್ತಾನೋ ಇಲ್ಲವೋ ಎಂದು ನಾನು ಬಾಗಿಲನ್ನೇ ನೋಡುತ್ತಿದ್ದೆ. ಬಂದ. ಟಾರ್ಚ್ ತೆಗೆದುಕೊಂಡು, ಅವಳನ್ನು ಹತ್ತಿರ ಕರೆದು, ಬಿರುಕು, ತೂತು, ಬಣ್ಣ ಎಲ್ಲವನ್ನೂ ತೋರಿಸಿ, ಮಾಡಿದವನು ತಾನು ಎಂದ.

ಅವಳು ಅಳಲಿಲ್ಲ, ಕೂಗಲಿಲ್ಲ. “ಬಣ್ಣ ಯಾವತ್ತು ಹಚ್ಚಿದ್ದು?” ಎಂದು ಕೇಳಿದಳು.

“ಹಿಂದಿನ ಸಂಜೆ.”

“ಅಂದ್ರೆ ನಂಗೆ ವಾಸನೆ ಬಂದಿದ್ದು ನಿಜ.” ಅವಳು ನನ್ನ ಕಡೆ ತಿರುಗಿದಳು. “ಗಾಡಿ ಕೆಳಗಿಂದ ಎದ್ದವಳೇ ಇವನನ್ನ ಕೇಳ್ದೆ, ಹೊಸ ಬಣ್ಣದ ವಾಸನೆ ಬರ್ತಿದೆ, ಯಾಕೆ ಅಂತ. ಏನಂದ ಗೊತ್ತಾ? ಉಗುರಿಗೆ ಬಣ್ಣ ಬಳ್ಕೊಂಡು ಬಂದೋರಿಗೆ ಎಲ್ಲಾ ಕಡೆ ಬಣ್ಣದ ವಾಸನೇನೇ ಬರುತ್ತೆ ಅಂದ. ಎಲ್ಲರೂ ನಕ್ರು. ನಾನೂ ನಕ್ಕೆ. ಇನ್ನೊಂದ್ಸಲ ನೋಡೋಕೆ ನಾಚಿಕೆ ಆಯ್ತು.”

ಇದನ್ನು ಅವನು ನನಗೆ ಹೇಳಿರಲಿಲ್ಲ. ಎಲ್ಲಾ ಹೇಳು ಎಂದಿದ್ದೆ, ಇದೊಂದನ್ನು ನುಂಗಿದ್ದ.

“ನಾನು ಸರಿಯಾಗೇ ನೋಡಿದ್ದೆ,” ಅಂದಳು ಡಗ್ನಿ. ಇನ್ನೊಂದು ಸಲ ಅದನ್ನೇ ಹೇಳಿದಳು, ತನಗೇ ಕೇಳಿಸಲಿ ಎನ್ನುವ ಹಾಗೆ. ಆಮೇಲೆ ಕುಂಟುತ್ತಾ ಹೊರಟುಹೋದಳು. ಕ್ಷಮಿಸು ಎಂದು ಇವನು ಅಂದದ್ದು ಖಾಲಿ ಬಾಗಿಲಿಗೆ.

ಆ ಹೌಸಿಂಗಿಗೆ ನಾನು ಪಟ್ಟಿ ಕೂರಿಸಲಿಲ್ಲ. ಪಕ್ಕದ ತೋಟದವರ ಗುಜರಿ ಟ್ರಕ್ಕಿನಿಂದ ಬಿರುಕಿಲ್ಲದ ಹೌಸಿಂಗ್ ಬಿಚ್ಚಿ ತಂದು, ಬೆಳ್ಳಗೆ ಹೊಳೆಯುವ ತನಕ ಕೆರೆದು, ಪಟ್ಟಿಯನ್ನು ಅದಕ್ಕೆ ಕೂರಿಸಿದೆ. ಆಸರೆಪಟ್ಟಿಯನ್ನು ಒಂದೇ ಉಸಿರಿಗೆ ವೆಲ್ಡ್ ಮಾಡುವ ಹಾಗಿಲ್ಲ. ಒಂದೇ ಕಡೆ ಕಾದರೆ ಹೌಸಿಂಗ್ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಇಲ್ಲಿ ಹೆಬ್ಬೆರಳಷ್ಟು, ಆಚೆ ತುದಿಯಲ್ಲಿ ಹೆಬ್ಬೆರಳಷ್ಟು, ಆಮೇಲೆ ಆರುವ ತನಕ ಕಾಯಬೇಕು. ಈಸ್ಲೇಫ್ ಬಂದು ಇನ್ನೊಂದು ತುದಿ ಹಿಡಿದುಕೊಂಡ. ನಾನು ಬೇಡ ಅನ್ನಲಿಲ್ಲ. ಆರುವ ತನಕ ಇಬ್ಬರೂ ಆಕ್ಸಲ್ಲನ್ನೇ ನೋಡುತ್ತಾ ಕೂತಿರುತ್ತಿದ್ದೆವು.

ಗುರುವಾರದ ಸಭೆಗೆ ಊರೇ ಬಂದಿತ್ತು. ಹಿಂದಿನ ಸಾಲಿನಲ್ಲಿ ಡಗ್ನಿ ಕೂತಿದ್ದಳು. ಕೋಲ್ಬೇನ್ ಬಾಯಿ ತೆರೆಯುವ ಮೊದಲೇ ಈಸ್ಲೇಫ್ ಎದ್ದು ನಿಂತ. ಬಿರುಕು ತಾನು ನೋಡಿದ್ದು, ಕೊರೆದದ್ದು, ಬಣ್ಣ ಬಳಿದದ್ದು ಎಲ್ಲವನ್ನೂ ಹೇಳಿದ. ಡಗ್ನಿಗೆ ಕಾಣುವ ಹಾಗೇ ಇರಲಿಲ್ಲ, ಅವಳದ್ದು ಏನೂ ತಪ್ಪಿಲ್ಲ ಎಂದ. ಸ್ಟೀರಿಂಗ್ ತನಗೆ ಬೇಡ ಎಂದೂ ಅಂದ. ಕೆಲವರು ತಲೆಯಾಡಿಸಿದರು, ಒಬ್ಬ ಅವನ ಬೆನ್ನು ಕೂಡ ತಟ್ಟಿದ. ಮನಸ್ಸು ಹಗುರಾದವನ ಹಾಗೆ ಕೂರಲು ಹೊರಟ.

ನಾನು ಡಗ್ನಿಯ ಕಡೆ ನೋಡಿದೆ. ಅವಳು ಇನ್ನೂ ಕಾಯುತ್ತಿದ್ದಳು.

“ಕೂತ್ಕೋಬೇಡ,” ಎಂದೆ, ಇಡೀ ಸಭೆಗೆ ಕೇಳುವ ಹಾಗೆ. “ಇನ್ನೊಂದು ಬಾಕಿ ಇದೆ. ಅದನ್ನೂ ಹೇಳು.”

ಅವನು ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ. ಆದರೂ ನಾನು ಕಣ್ಣು ತೆಗೆಯಲಿಲ್ಲ. ಅವನು ಕುರ್ಚಿಯ ಬೆನ್ನು ಹಿಡಿದುಕೊಂಡು ಡಗ್ನಿಯ ಕಡೆ ತಿರುಗಿ, ಅವತ್ತು ಅವಳು ಏನು ಕೇಳಿದಳು, ತಾನು ಏನೆಂದು ಗೇಲಿ ಮಾಡಿದೆ ಎಂಬುದನ್ನು ಇದ್ದ ಹಾಗೇ ಹೇಳಿದ. ಅವತ್ತು ನಕ್ಕವರೆಲ್ಲ ಅಲ್ಲೇ ಇದ್ದರು. ಈಗ ಒಬ್ಬರೂ ತಲೆ ಎತ್ತಲಿಲ್ಲ.